ಸಮುದಾಯದ ಭ್ರಷ್ಟಾಚಾರ ವಿರೋಧಿ ಕೆಲಸ ಮತ್ತು ರಾಜಕೀಯ ಅರ್ಥಶಾಸ್ತ್ರ: ಬಳ್ಳಾರಿ ಸೀಮೆ

ಭ್ರಷ್ಟಾಚಾರವನ್ನು ವ್ಯಕ್ತಿಗಳ ಗುಣದೋಷಕ್ಕೆ ಕಟ್ಟಿಹಾಕದೆ, ಹಣ ಮತ್ತು ಅಧಿಕಾರ ಹರಿಯುವ ದಾರಿಯಿಂದ ವಿವರಿಸುವ ಪದ್ಧತಿ ರಾಜಕೀಯ ಅರ್ಥಶಾಸ್ತ್ರೀಯ ವಿಶ್ಲೇಷಣೆ. ಲಾಭ ಯಾರಿಗೆ, ಸಹಿ ಯಾರದು, ತಡೆಯಬಲ್ಲವರು ಸುಮ್ಮನಿರುವುದೇಕೆ ಎಂದು ಅದು ಕೇಳುತ್ತದೆ. ಬಳ್ಳಾರಿಯಲ್ಲಿ ಈ ಪ್ರಶ್ನೆಗಳಿಗೆ ಮುಖ್ಯವಾಗಿ ಎರಡು ವಸ್ತು: ಅದಿರು ಮತ್ತು ಕಾಲುವೆ ನೀರು.

ಅದಿರು

2000ರ ದಶಕದಲ್ಲಿ ಚೀನಾದ ಬೇಡಿಕೆಯಿಂದ ಸಂಡೂರು, ಹೊಸಪೇಟೆ ಸುತ್ತಿನ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತು. ಸರ್ಕಾರಕ್ಕೆ ಸಲ್ಲುವ ರಾಜಧನ ಮಾತ್ರ 2009ರ ಆಗಸ್ಟ್‌ವರೆಗೆ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಆಮೇಲಷ್ಟೇ ಅದು ಬೆಲೆಯ ಶೇ. 10 ಆಯಿತು. ಅಕ್ರಮದ ಬೇರು ಈ ಅಂತರದಲ್ಲೇ ಇತ್ತು ಎನ್ನಬಹುದು. ಪರ್ಮಿಟ್ ಇಲ್ಲದ, ಅಥವಾ ಪರ್ಮಿಟ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚು ತೂಕ ಹೇರಿದ ಒಂದು ಲಾರಿ ಗಣಿಯಿಂದ ಹೊರಟು, ಹುಬ್ಬಳ್ಳಿ, ಅಂಕೋಲಾ ದಾಟಿ ಬೇಲೆಕೇರಿ ಬಂದರು ಮುಟ್ಟಬೇಕಾದರೆ ಗಣಿ, ಅರಣ್ಯ, ಸಾರಿಗೆ, ಪೊಲೀಸ್, ಬಂದರು ಇಲಾಖೆಗಳೆಲ್ಲ ಕಣ್ಣು ಮುಚ್ಚಿರಬೇಕು. ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆಯವರ 2011ರ ಜುಲೈ ವರದಿ, ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡದ ತನಿಖೆಯ ಬಲದಿಂದ, ಈ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿಟ್ಟಿತು. ನಷ್ಟದ ಅಂದಾಜು 16,085 ಕೋಟಿ ರೂಪಾಯಿ.

ಗಣಿ ಉದ್ಯಮದವರೇ ಸಚಿವರಾಗಿದ್ದ ಆ ಕಾಲದಲ್ಲಿ ಜಿಲ್ಲೆಯೊಳಗಿನ ದೂರಿಗೆ ಬೆಲೆಯಿರಲಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ನೇರ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಕೋರ್ಟಿನ ಆದೇಶದಿಂದ ಬಳ್ಳಾರಿಯ ಗಣಿಗಾರಿಕೆ ನಿಂತಿತು. 2013ರ ಏಪ್ರಿಲ್ 18ರ ತೀರ್ಪು ಅತಿ ಹೆಚ್ಚು ಅಕ್ರಮ ಕಂಡುಬಂದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಸ್ಥಳೀಯ ಹಿಡಿತಕ್ಕೆ ಸಿಗದ ವೇದಿಕೆಯನ್ನು ಆರಿಸಿಕೊಂಡದ್ದೇ ಈ ಹೋರಾಟದ ದೊಡ್ಡ ಜಾಣ್ಮೆ.

ಕಾಲುವೆ

ಸಿರುಗುಪ್ಪ, ಕುರುಗೋಡು ಭಾಗದ ಭತ್ತದ ಗದ್ದೆಗಳಿಗೆ ತುಂಗಭದ್ರಾ ಬಲದಂಡೆಯ ನೀರು ಆಧಾರ. ಹೆಚ್ಚು ಎಕರೆಗೆ ಸ್ವಲ್ಪಸ್ವಲ್ಪ ನೀರು ಎಂಬ ಲೆಕ್ಕದಲ್ಲಿ ಕಟ್ಟಿದ ಯೋಜನೆಯಿದು. ಮೇಲ್ಭಾಗದಲ್ಲಿ ಭತ್ತ ಹಬ್ಬಿದಷ್ಟೂ ಕೊನೆ ಭಾಗದ ರೈತರಿಗೆ ನೀರು ತಲುಪುವುದು ಕಷ್ಟ. ವಿದ್ವಾಂಸ ರಾಬರ್ಟ್ ವೇಡ್ 1982ರಲ್ಲಿ ದಕ್ಷಿಣ ಭಾರತದ ಕಾಲುವೆ ನೀರಾವರಿಯ ಬಗ್ಗೆ ಬರೆದ ಲೇಖನ ಇಲ್ಲಿ ದಾರಿ ತೋರುತ್ತದೆ. ಅದರ ಪ್ರಕಾರ ಎಂಜಿನಿಯರ್ ಹುದ್ದೆಗೆ ಮೊದಲು ಹಣ ಕೊಡುತ್ತಾನೆ, ಅದನ್ನು ಗುತ್ತಿಗೆದಾರರಿಂದಲೂ ರೈತರಿಂದಲೂ ವಸೂಲು ಮಾಡುತ್ತಾನೆ, ಒಂದು ಪಾಲು ಮೇಲಕ್ಕೆ ಹೋಗುತ್ತದೆ. ವರ್ಗಾವಣೆಯ ಭಯವೇ ಈ ಯಂತ್ರದ ಕೀಲಿ. ಹೀಗಿರುವಲ್ಲಿ ಒಬ್ಬನನ್ನು ಎತ್ತಂಗಡಿ ಮಾಡಿಸಿದರೆ ಆ ಕುರ್ಚಿ ಮತ್ತೆ ಮಾರಾಟಕ್ಕೆ ಬರುತ್ತದೆ, ಅಷ್ಟೇ. ಮೇಲ್ಭಾಗದ ರೈತರನ್ನೂ ಕೂರಿಸಿಕೊಂಡು, ಯಾವ ತೂಬಿಗೆ ಎಷ್ಟು ದಿನ ನೀರು ಎಂಬುದನ್ನು ಬಹಿರಂಗವಾಗಿ ಬರೆದಿಡುವುದು ಹೆಚ್ಚು ಫಲ ಕೊಡಬಹುದು.

ಸಮುದಾಯದ ಸಾಧನಗಳು

ಮಾಹಿತಿ ಹಕ್ಕು, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ, ಗ್ರಾಮ ಪಂಚಾಯಿತಿಯ ಲೆಕ್ಕವನ್ನು ಬಹಿರಂಗವಾಗಿ ತಪಾಸಣೆ ಮಾಡುವ ಜಮಾಬಂದಿ, ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನೆ ಪರಿಚಿತವಾದವು. ಬಳ್ಳಾರಿ ನಗರದಲ್ಲಿ ವಾರ್ಡ್ ಸಮಿತಿಯೂ ಈ ಸಾಲಿಗೆ ಸೇರುತ್ತದೆ. ಗಣಿ ಕಾಯ್ದೆಯ 2015ರ ತಿದ್ದುಪಡಿ ಗಣಿ ಬಾಧಿತರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ಹುಟ್ಟುಹಾಕಿದೆ. ಅದರ ಹಣ ಯಾವ ಊರಿಗೆ, ಯಾರ ತೀರ್ಮಾನದಂತೆ ಹೋಗುತ್ತಿದೆ ಎಂಬುದನ್ನು ಜಿಲ್ಲೆಯ ಸಂಘಟನೆಗಳು ಎಲ್ಲಕ್ಕಿಂತ ಮೊದಲು ಕೇಳಬೇಕು.