ಸಾಲಗಾರನಿಗೆ ಚಿಲ್ಲರೆ ದರ, ಸಾವಕಾರನಿಗೆ ಸಗಟು ದರ

ಪತ್ರಿಕೆಯ ಒಳಪುಟದಲ್ಲಿ ಕನ್ನಡಕ ಹಾಕಿಕೊಂಡರೂ ಓದೋಕೆ ಕಷ್ಟವಾಗುವಷ್ಟು ಸಣ್ಣ ಅಕ್ಷರದ ಜಾಹೀರಾತು ಬರುತ್ತಲ್ಲ, ‘ಸ್ವಾಧೀನ ಸೂಚನೆ’ ಅಂತ, ಅದನ್ನು ಎಷ್ಟು ಜನ ಓದ್ತೀರಿ? ನಾನು ಓದ್ತೀನಿ. ಸಾಲಗಾರನ ಹೆಸರು, ಜಾಮೀನುದಾರನ ಹೆಸರು, ಬಾಕಿ ಎಷ್ಟು, ಮನೆಯ ಚಕ್ಕುಬಂದಿ ಏನು, ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ. ಒಂದಷ್ಟು ದಿನ ಬಿಟ್ಟು ಅದೇ ಮನೆಯ ಹರಾಜಿನ ಪ್ರಕಟಣೆ. ಅದರಲ್ಲಿ ಒಂದು ಮಾತು ತಪ್ಪದೇ ಇರುತ್ತೆ: ಆಸ್ತಿಯನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಮಾರಲಾಗುವುದು.

ಬೆಟಗೇರಿಯ ನೇಕಾರರ ಓಣಿಗೆ ಈ ಮಾತನ್ನು ಹಚ್ಚಿ ನೋಡಿ. ಅಲ್ಲಿ ಮನೆ ಅಂದ್ರೆ ಬರೀ ಮನೆ ಅಲ್ಲ. ಮುಂದೆ ಮಗ್ಗ, ಹಿಂದೆ ಒಲೆ. ಮನೆ ಹೋದರೆ ಸೂರಿನ ಜೊತೆಗೆ ಅನ್ನವೂ ಹೋಯ್ತು. ಸಾಲ ಮಾಡಿದವನು ತೀರಿಸಬೇಕು, ತೀರಿಸದಿದ್ದರೆ ಅಡವಿಟ್ಟದ್ದು ಹೋಗುತ್ತೆ. ಇದು ನಮ್ಮ ಜನಕ್ಕೆ ಗೊತ್ತಿಲ್ಲದ ನ್ಯಾಯ ಏನಲ್ಲ. ಜನರ ಸಿಟ್ಟು ಬೇರೆ ಕಡೆ ಇದೆ. ಬ್ಯಾಂಕು ನನ್ನ ಸಾಲವನ್ನು ಇನ್ನೂ ನೂರಾರು ಸಾಲಗಳ ಜೊತೆ ಗಂಟು ಕಟ್ಟಿ, ದೊಡ್ಡ ದುಡ್ಡಿನ ಕಂಪನಿಗೆ ಅರ್ಧಕ್ಕೋ ಕಾಲಿಗೋ ಮಾರುತ್ತೆ. ಆ ಕಡಿಮೆ ದರವನ್ನು ನನಗೇ ಕೊಟ್ಟಿದ್ದರೆ ಮನೆ ಉಳೀತಿತ್ತಲ್ಲ? ‘ನಮಗ್ಯಾಕ ಹೇಳಲಿಲ್ರೀ?’ ಇಷ್ಟೇ ಪ್ರಶ್ನೆ. ಗದಗ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ನೂರೈವತ್ತು ವರ್ಷದ ಇತಿಹಾಸ ಇದೆ ಇದಕ್ಕೆ.

ಮೊದಲು ಭೂಗೋಳ. ಬ್ರಿಟಿಷರ ಕಾಲದಲ್ಲಿ ಗದಗ, ಬೆಟಗೇರಿ, ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು. ಒಂದು ದಿನ ಎತ್ತಿನ ಗಾಡಿ ಹೂಡಿದರೆ ಮೂರು ಸರ್ಕಾರ ದಾಟಬಹುದಿತ್ತು. ಜಪ್ತಿ ಅನ್ನೋ ಪದದ ಬಿಸಿ ಇಲ್ಲಿಯವರಿಗೆ 1858ರಲ್ಲೇ ತಟ್ಟಿತ್ತು. ಮುಂಡರಗಿ ಭೀಮರಾಯ, ನರಗುಂದದ ಬಾಬಾಸಾಹೇಬ ಎದ್ದು ನಿಂತ ವರ್ಷ ಅದು. ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಸತ್ತ. ನರಗುಂದ ಸಂಸ್ಥಾನವನ್ನೇ ಕಂಪನಿ ಸರ್ಕಾರ ಜಪ್ತಿ ಮಾಡಿತು. ಅದು ದಂಡಿನ ಜಪ್ತಿ. ಎಲ್ಲರಿಗೂ ಕಾಣುವಂಥದ್ದು. ಅದರ ಹಿಂದೆಯೇ ಸದ್ದಿಲ್ಲದ ಇನ್ನೊಂದು ಜಪ್ತಿ ಶುರುವಾಗಿತ್ತು.

ಅದು ಹೀಗೆ. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯ ಮೋಜಣಿ ಆಯಿತು. ಹೊಲಕ್ಕೆ ನಂಬರು ಬಿತ್ತು, ಉತಾರದಲ್ಲಿ ರೈತನ ಹೆಸರು ಬಂತು. ಒಳ್ಳೇದೇ ಅಲ್ವಾ? ಒಳ್ಳೇದೇ. ಆದರೆ ಹೆಸರು ಬಂದ ಮೇಲೆ ಹೊಲವನ್ನು ಮಾರಬಹುದು, ಒತ್ತೆ ಇಡಬಹುದು, ಕೋರ್ಟಿನ ಡಿಕ್ರಿ ಹಿಡಿದು ಸಾವಕಾರ ಲಿಲಾವಿಗೂ ಹಾಕಬಹುದು. ಮುಂಚೆ ಸಾವಕಾರನಿಗೆ ಬೆಳೆ ಮೇಲಷ್ಟೇ ಕಣ್ಣಿತ್ತು, ಈಗ ಭೂಮಿ ಮೇಲೆ ಬಿತ್ತು. ಅಷ್ಟರಲ್ಲಿ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಲ್ಯಾಂಕಾಶೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು. ಗದಗ ಸೀಮೆಯ ಎರೆಭೂಮಿಯ ಹತ್ತಿಗೆ ಬಂಗಾರದ ಬೆಲೆ. ಸಾವಕಾರರು ಕರೆದು ಕರೆದು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಸಾಲ ಕುಸಿಯಲಿಲ್ಲ. ಹತ್ತು ವರ್ಷಕ್ಕೆ, 1876ರಲ್ಲಿ ದೊಡ್ಡ ಬರ ಬಂತು. ಆ ಬರದಲ್ಲಿ ಧಾರವಾಡ ಜಿಲ್ಲೆ ಪಟ್ಟ ಪಾಡು ಹೇಳತೀರದು.

ಇದರಲ್ಲಿ ಇನ್ನೊಂದು ಕುತಂತ್ರವೂ ಇತ್ತು, ಕೇಳಿ. 1859ರ ಮಿತಿ ಕಾಯ್ದೆ ಪ್ರಕಾರ ಸಾಲದ ಪತ್ರಕ್ಕೆ ಮೂರು ವರ್ಷ ಆಯುಷ್ಯ. ರೈತನ ಮೇಲೆ ಬಡ್ಡಿ ಬೆಳೆಯದಿರಲಿ ಅಂತ ಮಾಡಿದ ಕಾಯ್ದೆ ಅದು. ಸಾವಕಾರ ಏನು ಮಾಡಿದ? ಮೂರು ವರ್ಷ ತುಂಬುವ ಮುಂಚೆ ಅಸಲು, ಬಡ್ಡಿ ಎರಡನ್ನೂ ಕೂಡಿಸಿ ಹೊಸ ಪತ್ರ ಬರೆಸಿಕೊಂಡ. ಹಳೇ ಬಡ್ಡಿ ಹೊಸ ಅಸಲಾಯ್ತು. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತಿದ. ಬಡವನಿಗಾಗಿ ಮಾಡಿದ ಕಾಯ್ದೆ ಬಲ್ಲಿದನ ಕೈಯಲ್ಲಿ ಹಗ್ಗವಾಯಿತು.

1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾದಲ್ಲಿ ಜನ ಸಿಡಿದೆದ್ದರು. ಗಲಭೆ ಪುಣೆ, ಅಹ್ಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಗಮನಿಸಬೇಕಾದ್ದು ಏನಂದ್ರೆ, ಅವರು ಮುಖ್ಯವಾಗಿ ಹುಡುಕಿದ್ದು ಸಾವಕಾರನ ಕಾಗದ. ಸಾಲಪತ್ರ, ಡಿಕ್ರಿ, ಖಾತೆ ಪುಸ್ತಕ. ಅವಕ್ಕೆ ಬೆಂಕಿ ಇಟ್ಟರು. ಸರ್ಕಾರ ಆಯೋಗ ನೇಮಿಸಿತು, 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ತಂದಿತು. ಯಾವ ಜಿಲ್ಲೆಗೆ? ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದ್‌ನಗರ. ನಾಲ್ಕೇ. ಧಾರವಾಡ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಬೆಂಕಿ ಹಚ್ಚಿದ ಕಡೆಗೆ ಕಾಯ್ದೆ ಹೋಯ್ತು. ಸುಮ್ಮನೆ ಸಹಿಸಿಕೊಂಡವರಿಗೆ ಸಾವಕಾರನೇ ಗತಿ ಆದ. ನಮ್ಮ ಉತ್ತರ ಕರ್ನಾಟಕದ ಹಣೆಬರಹ ಆಗಲೇ ಹೀಗಿತ್ತು ಅಂತ ನಾನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಬರಲಿ.

ಸುಮ್ಮನೆ ಕೂತಿದ್ದ ಈ ಸೀಮೆ ಆಮೇಲೆ ಮಾಡಿದ ಕೆಲಸವನ್ನು ಮಾತ್ರ ಪುಣೆಯವರೂ ಮಾಡಲಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ, ಗದಗಿನ ಮಗ್ಗುಲಿಗೇ ಇರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಘ ಅದೇ. ಹೆಮ್ಮೆ ಸರಿ. ಆದರೆ ಅದರ ಒಳಗಿನ ಯಂತ್ರ ಹೇಗಿತ್ತು ಅಂತ ಎಷ್ಟು ಜನ ನೋಡಿದ್ದಾರೆ?

ಆ ಕಾಯ್ದೆಯಲ್ಲಿ ಹಳ್ಳಿ ಸಂಘಗಳಿಗೆ ಒಂದು ಕಠಿಣ ನಿಯಮ ಇತ್ತು. ಸದಸ್ಯರ ಹೊಣೆಗೆ ಮಿತಿ ಇಲ್ಲ. ಅಂದ್ರೆ ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಮನೆ ಬಾಗಿಲಿಗೆ ಬರುತ್ತೆ. ಸಾಲ ಸದಸ್ಯರಿಗೇ ಕೊಡಬೇಕು, ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲಿಗರೇ ಇರಬೇಕು. ಕೇಳೋಕೆ ಭಯ ಆಗುತ್ತೆ. ಆದರೆ ಇದರ ಫಲ ನೋಡಿ: ನನ್ನ ಸಾಲ ಮುಳುಗಿದರೆ ನಿನಗೆ ನಷ್ಟ, ಹಾಗಾಗಿ ನಾನು ಮುಳುಗದಂತೆ ನೋಡಿಕೊಳ್ಳೋದು ನಿನ್ನ ಕೆಲಸ. ಸಾಲ ಕೊಟ್ಟವನಿಗೆ ಸಾಲಗಾರನ ಹೊಲ ಲಿಲಾವಿಗೆ ಬಂದರೆ ಲಾಭ ಇಲ್ಲ. ಸಾವಕಾರನ ವ್ಯಾಪಾರ ಇದರ ಉಲ್ಟಾ. ಅವನಿಗೆ ಸಾಲ ತೀರುವುದಕ್ಕಿಂತ ತೀರದಿರುವುದೇ ಲಾಭ, ಯಾಕಂದ್ರೆ ಹೊಲ ಅಗ್ಗಕ್ಕೆ ಬರುತ್ತೆ. ಸಾಲಗಾರ ಸೋತರೆ ಯಾರು ಗೆಲ್ಲುತ್ತಾರೆ ಅನ್ನೋದನ್ನೇ ಕಣಗಿನಹಾಳ ಬದಲಿಸಿತು.

ಎಪ್ಪತ್ತೈದು ವರ್ಷ ಬಿಟ್ಟು ಇದೇ ಸೀಮೆಯಲ್ಲಿ ಮತ್ತೆ ಸಿಟ್ಟು ಸ್ಫೋಟವಾಯಿತು. 1980ರ ಜುಲೈ 21, ನರಗುಂದ, ನವಲಗುಂದ. ಮಲಪ್ರಭಾ ನೀರಿನ ಅಭಿವೃದ್ಧಿ ಕರದ ವಸೂಲಿ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್. ನರಗುಂದದಲ್ಲಿ ಇವತ್ತಿಗೂ ಜುಲೈ 21ರಂದು ಹುತಾತ್ಮ ರೈತನ ವೀರಗಲ್ಲಿಗೆ ಮಾಲೆ ಬೀಳುತ್ತೆ. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಹಸಿರು ಶಾಲಿನವರು ತಂದ ಅಸ್ತ್ರದ ಹೆಸರು ‘ಮರುಜಪ್ತಿ’. ಸಾಲಕ್ಕೆ ಅಂತ ಅಧಿಕಾರಿಗಳು ಎತ್ತಿಕೊಂಡು ಹೋದ ಸಾಮಾನನ್ನು ರೈತರೇ ಗುಂಪಾಗಿ ಹೋಗಿ ವಾಪಸ್ ತರೋದು. ಊರ ಬಾಗಿಲಿಗೆ ಬೋರ್ಡು: ಸಾಲ ವಸೂಲಿ ಅಧಿಕಾರಿಗಳು ಅಪ್ಪಣೆ ಇಲ್ಲದೆ ಊರೊಳಗೆ ಬರುವಂತಿಲ್ಲ.

ಇದು ಬರೀ ನಮ್ಮ ಗದ್ದಲ ಅಂದುಕೊಳ್ಳಬೇಡಿ. 1930ರ ದಶಕದ ಆರಂಭದಲ್ಲಿ ಅಮೆರಿಕದ ಅಯೋವಾ, ನೆಬ್ರಾಸ್ಕದ ರೈತರು ನೆರೆಯವನ ಜಮೀನು, ಸಾಮಾನು ಹರಾಜಿಗೆ ಬಂದಾಗ ನೂರಾರು ಜನ ಹೋಗಿ ನಿಂತು ಪುಡಿಗಾಸಿಗೆ ಸವಾಲು ಕೂಗುತ್ತಿದ್ದರು. ಹೊರಗಿನವನು ಹೆಚ್ಚಿಗೆ ಕೂಗೋಕೆ ಬಂದರೆ ಕಣಜದ ತೊಲೆಗೆ ನೇತುಹಾಕಿದ ಉರುಳನ್ನು ತೋರಿಸುತ್ತಿದ್ದರು. ಆಮೇಲೆ ಆ ಸಾಮಾನನ್ನು ಮೂಲ ಒಡೆಯನಿಗೇ ಒಪ್ಪಿಸುತ್ತಿದ್ದರು. ಎಂಬತ್ತು ವರ್ಷದ ಮೇಲೆ ಅದೇ ಅಮೆರಿಕದಲ್ಲಿ ನೆರೆಯವರು ನಿಲ್ಲಲಿಲ್ಲ. 2008ರ ಕುಸಿತದಲ್ಲಿ ಲಕ್ಷಾಂತರ ಮನೆ ಹೋದವು. 2012ರಲ್ಲಿ ಸರ್ಕಾರಿ ಸಂಸ್ಥೆಯೇ ಸುಮಾರು 2,500 ಜಪ್ತಿ ಮನೆಗಳನ್ನು ಗಂಟು ಗಂಟಾಗಿ ಹೂಡಿಕೆದಾರರಿಗೆ ಮಾರಲು ಇಟ್ಟಿತು. ಬ್ಲ್ಯಾಕ್‌ಸ್ಟೋನ್‌ನಂಥ ಕಂಪನಿಗಳು ಮಾರುಕಟ್ಟೆಗಿಳಿದು ಸಾವಿರಾರು ಮನೆ ಕೊಂಡು ಬಾಡಿಗೆಗೆ ಬಿಟ್ಟವು. ನಿನ್ನೆ ಯಜಮಾನ, ಇವತ್ತು ಬಾಡಿಗೆದಾರ.

ನಮ್ಮಲ್ಲಿ ಬಾಗಿಲು ತೆರೆದದ್ದು 2002ರ ಸರ್ಫೇಸಿ ಕಾಯ್ದೆ. ಕಂತು 90 ದಿನ ನಿಂತರೆ ಸಾಲ ಎನ್‌ಪಿಎ. ಆಮೇಲೆ 60 ದಿನದ ನೋಟೀಸು. ಅಷ್ಟಾದರೆ ಕೋರ್ಟಿನ ಡಿಕ್ರಿ ಬೇಕಿಲ್ಲ, ಬ್ಯಾಂಕೇ ಮನೆ ಹಿಡಿದು ಹರಾಜು ಹಾಕಬಹುದು. ಇದೇ ಕಾಯ್ದೆ ಆಸ್ತಿ ಪುನರ್‌ರಚನಾ ಕಂಪನಿಗಳನ್ನೂ ಹುಟ್ಟಿಸಿತು. ಬ್ಯಾಂಕುಗಳ ಕೆಟ್ಟ ಸಾಲವನ್ನು ಅಡಮಾನದ ಸಮೇತ ಸಗಟಾಗಿ ಕೊಳ್ಳುವ ಕಂಪನಿಗಳು. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸದಾಗಿ ಇಂಥ ಕಂಪನಿ ತೆರೆಯೋಕೆ ಸ್ವಂತ ಬಂಡವಾಳವೇ ಕನಿಷ್ಠ 300 ಕೋಟಿ ರೂಪಾಯಿ ಬೇಕು. ಯಾರ ಅಂಗಡಿ ಇದು ಅಂತ ಬಿಡಿಸಿ ಹೇಳಬೇಕಾ?

ಲೆಕ್ಕಕ್ಕೆ ಅಂತ ಹೇಳ್ತೀನಿ. ನಿಮ್ಮ ಬಾಕಿ 10 ಲಕ್ಷ. ಬ್ಯಾಂಕು ಅದನ್ನು 4 ಲಕ್ಷಕ್ಕೆ ಕಂಪನಿಗೆ ಮಾರಿತು ಅಂದುಕೊಳ್ಳಿ. ಕಂಪನಿ ನಿಮ್ಮ ಬಾಗಿಲಿಗೆ ಬಂದು ಕೇಳೋದು 4 ಲಕ್ಷ ಅಲ್ಲ, 10 ಲಕ್ಷ ಮತ್ತು ಬಡ್ಡಿ. ಕೊಡದಿದ್ದರೆ ಮನೆ. ಬ್ಯಾಂಕು 6 ಲಕ್ಷದ ನಷ್ಟವನ್ನು ನುಂಗಲು ತಯಾರಿತ್ತು, ಆದರೆ ನಿಮಗಾಗಿ ಅಲ್ಲ. ‘ಒಂದೇ ಸಲಕ್ಕೆ ತೀರುವಳಿ’ ಅಂತ ಯೋಜನೆ ಇದೆಯಲ್ಲ ಅಂತೀರಿ. ಇದೆ. ಆದರೆ ಅದು ಸಾಲಗಾರನ ಹಕ್ಕಲ್ಲ ಅಂತ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಬ್ಯಾಂಕಿನ ಕಡೆಯ ಮಾತನ್ನೂ ಹೇಳಬೇಕು. ಅಲ್ಲಿರೋದು ಠೇವಣಿದಾರರ ದುಡ್ಡು. ನಿವೃತ್ತ ಮೇಷ್ಟ್ರ ದುಡ್ಡು, ಮಗಳ ಮದುವೆಗೆ ಇಟ್ಟ ದುಡ್ಡು. ಎಲ್ಲರಿಗೂ ರಿಯಾಯಿತಿ ಸಿಗುತ್ತೆ ಅಂತಾದರೆ ನಿಯತ್ತಾಗಿ ಕಂತು ಕಟ್ಟುವವನು ಮೂರ್ಖನಾಗ್ತಾನೆ. ಒಪ್ಪುತ್ತೇನೆ. ಆದರೆ ಠೇವಣಿದಾರನಿಗೆ 4 ಲಕ್ಷ ಕಂಪನಿಯಿಂದ ಬಂದರೇನು, ನೇಕಾರನಿಂದ ಬಂದರೇನು? ಗಂಟು ಮಾರುವ ಮುಂಚೆ ಅದೇ ದರವನ್ನು ಒಂದು ತಿಂಗಳ ಮಟ್ಟಿಗೆ ಮನೆಯವನ ಮುಂದಿಡಿ, ಬೇಡ ಅಂದರೆ ಮಾರಿ. ಇದಕ್ಕೆ ಉತ್ತರವನ್ನು ನಾನಿನ್ನೂ ಯಾವ ಅಧಿಕಾರಿಯ ಬಾಯಿಂದಲೂ ಕೇಳಿಲ್ಲ.

ರೈತರಿಗೆ ಸ್ವಲ್ಪ ರಕ್ಷಣೆ ಇದೆ. ಸರ್ಫೇಸಿಯಲ್ಲಿ ಕೃಷಿ ಜಮೀನಿಗೆ ವಿನಾಯಿತಿ. ಆ ವಿನಾಯಿತಿ ತಮಗೆ ಸಿಗುತ್ತಿಲ್ಲ ಅಂತಲೇ ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರು ಈಚಿನ ವರ್ಷಗಳಲ್ಲಿ ಬೀದಿಗಿಳಿದದ್ದು. ಹಳೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಇನ್ನೂ ಕರುಣೆಯದ್ದು: ಡಿಕ್ರಿ ಜಾರಿಯಲ್ಲಿ ಅಡುಗೆ ಪಾತ್ರೆ, ಹಾಸಿಗೆ, ಕಸಬುದಾರನ ಉಪಕರಣ, ರೈತ ಮತ್ತು ಕೂಲಿಕಾರ ವಾಸ ಇರುವ ಮನೆ ಮುಟ್ಟುವಂತಿಲ್ಲ. ಆದರೆ ಮನೆಯನ್ನೇ ಅಡವಿಟ್ಟಿದ್ದರೆ ಆ ಕಲಂ ನೆರವಿಗೆ ಬರೋದಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಕಿರುಕುಳ ತಡೆಗೆ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಜೈಲು ಅಂದಿತು. ಅದೇ ತಿಂಗಳು ಗದಗ-ಬೆಟಗೇರಿಯಲ್ಲಿ ಮೀಟರ್ ಬಡ್ಡಿ ದೂರಿನ ಮೇಲೆ ನಡೆದ ಪೊಲೀಸ್ ದಾಳಿಯಲ್ಲಿ ಕೋಟಿಗಟ್ಟಲೆ ನಗದಿನ ಜೊತೆ ಬಾಂಡು, ಚೆಕ್ಕು ಸಿಕ್ಕವು. ಸೂಪಾದ ಜನ ಸುಟ್ಟಿದ್ದೂ ಅಂಥದ್ದೇ ಕಾಗದ. ಆದರೆ ಸರ್ಫೇಸಿ ಕೇಂದ್ರದ ಕಾಯ್ದೆ. ರಾಜ್ಯದ ಸುಗ್ರೀವಾಜ್ಞೆಗೆ ಅದು ಬಗ್ಗೋದಿಲ್ಲ.

ಇನ್ನು ಸಹಕಾರಿ ಬ್ಯಾಂಕುಗಳು. ಸರ್ಫೇಸಿ ಅಸ್ತ್ರ ಅವುಗಳಿಗೂ ಉಂಟು ಅಂತ 2020ರ ಮೇ 5ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಕಾನೂನಿನಲ್ಲಿ ಅದು ಸರಿಯೇ ಇರಬಹುದು. ಕಣಗಿನಹಾಳದ ಪಾಟೀಲರು ಕೇಳಿದ್ದರೆ ಏನನ್ನುತ್ತಿದ್ದರೋ.

ನೋಟೀಸು ಬಂದವರಿಗೆ ಒಂದು ಮಾತು. ಈ ವಿಷಯದಲ್ಲಿ ಗದಗಿನ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ, 34ನೇ ಕಲಂ ಆ ಬಾಗಿಲು ಮುಚ್ಚಿದೆ. ಹೋಗಬೇಕಾದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಸುಮಾರು 400 ಕಿಲೋಮೀಟರ್ ದೂರ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದವರಿಗೂ ಅದೇ. ಬ್ಯಾಂಕು ಸ್ವಾಧೀನದ ಕ್ರಮ ಕೈಗೊಂಡ ದಿನದಿಂದ ಅರ್ಜಿಗೆ ಇರೋದು 45 ದಿನ. ವಕೀಲರನ್ನು ಹುಡುಕುವ ಮುಂಚೆ ಆ ಕಾಗದದ ಮೇಲಿನ ತಾರೀಕು ನೋಡಿಕೊಳ್ಳಿ.