ಬರ್ಬರನ ಬಾಯಿ ಕಟ್ಟಿದ್ದು ಯಾರು?

ಕನ್ನಡ ಪತ್ರಿಕೆಗಳಲ್ಲಿ 'ಬರ್ಬರ' ಎಂಬ ಪದ ಒಂಟಿಯಾಗಿ ಕಾಣಿಸುವುದು ಅಪರೂಪ. ಅದರ ಬೆನ್ನಿಗೆ 'ಹತ್ಯೆ'ಯೋ 'ಕೃತ್ಯ'ವೋ ಇದ್ದೇ ಇರುತ್ತದೆ. 'ಹಾಡಹಗಲೇ ಬರ್ಬರ ಹತ್ಯೆ' ಎಂದು ಓದಿದೊಡನೆ ಕಣ್ಣೆದುರು ಬರುವುದು ಮಚ್ಚು ಮತ್ತು ರಕ್ತ. ಪದ ಹುಟ್ಟಿದ ಕಾಲಕ್ಕೆ ಅದರಲ್ಲಿ ರಕ್ತದ ಹನಿಯೂ ಇರಲಿಲ್ಲ. ಇದ್ದದ್ದು ಬರೀ ಮಾತು.

ಹಳೆಯ ಗ್ರೀಕರ ಕಿವಿಗೆ ಪರಭಾಷೆಯವರ ಮಾತು 'ಬರ್ ಬರ್' ಎಂದು ಕೇಳುತ್ತಿತ್ತು. ಹಾಗೆ ಮಾತಾಡುವವನು 'ಬಾರ್ಬರೋಸ್'. ಹೋಮರನ ಇಲಿಯಡ್‌ನಲ್ಲಿ ಕೇರಿಯಾದ ಜನರಿಗೆ ಈ ಪದ ಅಂಟಿರುವುದು ಅವರ ನುಡಿಯ ಕಾರಣಕ್ಕೆ. ಸಂಸ್ಕೃತದ 'ಬರ್ಬರ'ಕ್ಕೂ ತೊದಲುವವನು ಎಂಬ ಅರ್ಥವಿದೆ. ಮಹಾಭಾರತದಲ್ಲಿ ಅದು ಒಂದು ಜನದ ಹೆಸರಾಗಿಯೂ ಬರುತ್ತದೆ. 'ಮ್ಲೇಚ್ಛ'ದ ಧಾತುವಿನ ಅರ್ಥವೂ ಅಸ್ಪಷ್ಟವಾಗಿ ನುಡಿಯುವುದು ಎಂದೇ. ಮ್ಲೇಚ್ಛರಾಗಬಾರದೆಂದರೆ ವ್ಯಾಕರಣ ಕಲಿಯಬೇಕು ಎನ್ನುತ್ತಾನೆ ಮಹಾಭಾಷ್ಯದ ಪತಂಜಲಿ. ನಮಗೆ ತಿಳಿಯದ್ದು ಮಾತೇ ಅಲ್ಲ. ಮಾತಿಲ್ಲದವನಿಗೆ ಬುದ್ಧಿಯೂ ಇಲ್ಲ. ಬುದ್ಧಿಯಿಲ್ಲದವನು ಕ್ರೂರಿಯಾಗಿಯೇ ಇರುತ್ತಾನೆ. ಈ ಪದ ಇಳಿದು ಬಂದ ಮೆಟ್ಟಿಲುಗಳು ಇವು.

ಇಪ್ಪತ್ತನೆಯ ಶತಮಾನದಲ್ಲಿ ಒಬ್ಬ ಲೇಖಕ ಈ ಮೆಟ್ಟಿಲುಗಳನ್ನು ತಿರುಗಿ ಹತ್ತಲು ನೋಡಿದ. ಅವನು ರಾಬರ್ಟ್ ಇ. ಹೋವರ್ಡ್. 1906ರಲ್ಲಿ ಹುಟ್ಟಿ, ಅಮೆರಿಕದ ಟೆಕ್ಸಾಸ್‌ನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿ ಬೆಳೆದ ವೈದ್ಯರ ಮಗ. ಆ ಸೀಮೆಯಲ್ಲಿ ತೈಲ ಸಿಕ್ಕಾಗ ದುಡ್ಡು, ಜೂಜು, ಮೋಸ ಎಲ್ಲವೂ ಒಟ್ಟಿಗೆ ನುಗ್ಗಿ ಬಂದದ್ದನ್ನು ಹುಡುಗನಾಗಿದ್ದಾಗಲೇ ಕಂಡವನು. ಅವನ ಕಥೆಗಳ ಬರ್ಬರ ನಾಯಕ ಕೋನನ್ 1932ರ ಡಿಸೆಂಬರ್‌ನಲ್ಲಿ 'ವಿಯರ್ಡ್ ಟೇಲ್ಸ್' ಎಂಬ ಅಗ್ಗದ ಪತ್ರಿಕೆಯಲ್ಲಿ ಕಾಣಿಸಿಕೊಂಡ. ತಾನು ಕಂಡಿದ್ದ ಬಾಕ್ಸಿಂಗ್ ಪಟುಗಳು, ಬಂದೂಕುಗಾರರು, ಕಳ್ಳಬಟ್ಟಿಯವರು, ಜೂಜುಕೋರರು, ಪ್ರಾಮಾಣಿಕ ಕೂಲಿಗಳು ಎಲ್ಲರೂ ಸೇರಿ ಕೋನನ್ ಆದ ಎಂದು ಹೋವರ್ಡ್ ಒಂದು ಕಾಗದದಲ್ಲಿ ಹೇಳಿಕೊಂಡಿದ್ದಾನೆ. ನಾಗರಿಕತೆ ಮೇಲೋ ಬರ್ಬರತೆ ಮೇಲೋ ಎಂದು ಅವನಿಗೂ ಭಯಾನಕ ಕಥೆಗಳ ಲೇಖಕ ಲವ್‌ಕ್ರಾಫ್ಟ್‌ಗೂ ವರ್ಷಗಟ್ಟಲೆ ಪತ್ರಗಳಲ್ಲಿ ವಾದ ನಡೆದಿತ್ತು. 1936ರಲ್ಲಿ, ಮೂವತ್ತನೆಯ ವಯಸ್ಸಿಗೆ, ಹೋವರ್ಡ್ ತನ್ನ ಜೀವ ತಾನೇ ಕಳೆದುಕೊಂಡ.

ಕೋನನ್ ಎಂದರೆ ಇಂದು ಜನಕ್ಕೆ ನೆನಪಾಗುವುದು ತುಪ್ಪಳದ ಲಂಗೋಟಿ, ಎಣ್ಣೆ ಸವರಿದ ತೋಳು, ಕಾಲಿಗೆ ಜೋತುಬಿದ್ದ ಹೆಂಗಸು. ಮೊದಲ ಕಥೆಯಾದ 'ದ ಫೀನಿಕ್ಸ್ ಆನ್ ದ ಸ್ವೋರ್ಡ್'ನಲ್ಲಿ ಅವನು ನಮಗೆ ಕಾಣುವುದು ಹೇಗೆ ಗೊತ್ತೇ? ಬರೆಯುವ ಮೇಜಿನ ಮುಂದೆ ಕೂತಿದ್ದಾನೆ. ಅಕ್ವಿಲೋನಿಯಾ ದೇಶದ ರಾಜ. ಕೈಯಲ್ಲಿ ಚಿನ್ನದ ಕಂಟ. ಮೇಣ ಸವರಿದ ಪಪೈರಸ್ ಮೇಲೆ ಕಷ್ಟಪಟ್ಟು ಗೀಚುತ್ತಿದ್ದಾನೆ. ಏನದು ಎಂದು ಗೆಳೆಯ ಕೇಳಿದರೆ ಹೆಮ್ಮೆಯಿಂದ ತೋರಿಸುವುದು ಒಂದು ನಕಾಶೆಯನ್ನು. ಆಸ್ಥಾನದ ನಕಾಶೆಗಳಲ್ಲಿ ಉತ್ತರದ ಸೀಮೆಗಳು ಸರಿಯಾಗಿಲ್ಲ, ಅದಕ್ಕೇ ತಾನೇ ಬರೆದು ಸೇರಿಸುತ್ತಿದ್ದಾನೆ. ಅವನ ತಾಯ್ನೆಲ ಸಿಮ್ಮೇರಿಯ ಇರುವುದು ಆ ಉತ್ತರದಲ್ಲೇ. ನಾಗರಿಕರ ನಕಾಶೆಯಲ್ಲಿ ಸ್ಪಷ್ಟವಾಗಿ ಮೂಡದ ನೆಲದವನು ತನ್ನ ನೆಲವನ್ನು ತನ್ನ ಕೈಯಿಂದಲೇ ಅದರೊಳಗೆ ಬರೆಯುತ್ತಾನೆ. ಜಗತ್ತಿಗೆ ಕೋನನ್‌ನ ಮೊದಲ ಪರಿಚಯ ಇದು. ಅದೇ ಕಥೆಯಲ್ಲಿ ಒಬ್ಬ ಕವಿ ಅವನ ವಿರುದ್ಧ ಹಾಡು ಕಟ್ಟಿ ಜನರನ್ನು ಎಬ್ಬಿಸುತ್ತಿದ್ದಾನೆ. ಅವನನ್ನು ಗಲ್ಲಿಗೇರಿಸು ಎಂಬ ಸಲಹೆಯನ್ನು ಕೋನನ್ ಒಪ್ಪುವುದಿಲ್ಲ. ದೊಡ್ಡ ಕವಿ ರಾಜನಿಗಿಂತ ಹಿರಿಯ, ತಾನು ಸತ್ತ ಮೇಲೂ ಅವನ ಹಾಡು ಉಳಿಯುತ್ತದೆ ಎಂಬುದು ಅವನ ನಂಬಿಕೆ.

1933ರ 'ದ ಟವರ್ ಆಫ್ ದಿ ಎಲಿಫೆಂಟ್'ನಲ್ಲಿ ಅವನಿನ್ನೂ ಹರೆಯದ ಕಳ್ಳ. ಮಾಂತ್ರಿಕನ ಗೋಪುರಕ್ಕೆ ರತ್ನ ಕದಿಯಲು ಹೋದವನಿಗೆ ಸಿಗುವುದು ಆನೆಯ ತಲೆಯ ಒಂದು ಜೀವಿ. ಬೇರೆ ಲೋಕದಿಂದ ಬಂದು ಸೆರೆ ಸಿಕ್ಕಿದ್ದು. ಕಣ್ಣು ಹೋಗಿವೆ, ಚಿತ್ರಹಿಂಸೆಯಿಂದ ಕೈಕಾಲು ಮುರುಟಿವೆ. ಅದು ಸೊಂಡಿಲು ಚಾಚಿ ಅವನ ಮುಖ, ಭುಜ ಮುಟ್ಟಿ ನೋಡುತ್ತದೆ. ಕೋನನ್ ಕತ್ತಿ ಎತ್ತುವುದಿಲ್ಲ. ಅವನಲ್ಲಿ ಕನಿಕರ ಉಕ್ಕುತ್ತದೆ. ತಾನು ಮಾಡದ ತಪ್ಪಿಗೆ, ಇಡೀ ಮನುಷ್ಯ ಕುಲದ ಪರವಾಗಿ ನಾಚಿಕೆಪಡುತ್ತಾನೆ. ಹಿಂಸೆ ಕೊಟ್ಟವನು ವಿದ್ಯಾವಂತ ಮಾಂತ್ರಿಕ. ಮರುಗಿದವನು ಬರ್ಬರ. ನಾಗರಿಕರೇ ಹೆಚ್ಚು ಒರಟರು, ಏಕೆಂದರೆ ಅವಮಾನ ಮಾಡಿದರೂ ತಲೆ ಒಡೆಯುವುದಿಲ್ಲ ಎಂಬ ಧೈರ್ಯ ಅವರಿಗಿದೆ ಎಂದು ಹೋವರ್ಡ್ ಇದೇ ಕಥೆಯಲ್ಲಿ ಹೇಳುತ್ತಾನೆ. ಅವನ ಕೈಯಲ್ಲಿ 'ಬರ್ಬರ' ಬೈಗುಳವಾಗಿ ಉಳಿಯಲಿಲ್ಲ. ನಗರವನ್ನು ಹೊರಗೆ ನಿಂತು ನೋಡುವ ಜಾಗವಾಯಿತು.

ಆಮೇಲಿನ ಕಥೆ ಬೇರೆ. 1966ರಿಂದ ಬಂದ ಪೇಪರ್‌ಬ್ಯಾಕ್‌ಗಳ ಮುಖಪುಟಕ್ಕೆ ಫ್ರಾಂಕ್ ಫ್ರಜೆಟ್ಟಾ ಅದ್ಭುತ ಚಿತ್ರಗಳನ್ನು ಬರೆದ. ಲಕ್ಷಾಂತರ ಜನ ಕಥೆಗೆ ಮೊದಲು ಆ ಸ್ನಾಯುಗಳನ್ನು ಕಂಡರು. ಹೋವರ್ಡ್ ತನ್ನ ಯಾವ ಕಥೆಗೂ 'ಕೋನನ್ ದ ಬಾರ್ಬೇರಿಯನ್' ಎಂದು ಹೆಸರಿಟ್ಟಿರಲಿಲ್ಲ. ಅದನ್ನು ಜನರ ನಾಲಿಗೆಗೆ ತಂದದ್ದು 1970ರ ಮಾರ್ವೆಲ್ ಕಾಮಿಕ್ಸ್, 1982ರ ಜಾನ್ ಮಿಲಿಯಸ್ ಸಿನಿಮಾ. ಸಿನಿಮಾದ ಕೋನನ್ ಬಾಲ್ಯದಲ್ಲೇ ಗುಲಾಮ. ದೊಡ್ಡ ಚಕ್ರ ತಳ್ಳಿ ತಳ್ಳಿ ಮೈ ಕಟ್ಟುತ್ತದೆ. ಹೋರಾಟವನ್ನೂ ಓದುಬರಹವನ್ನೂ ಒಡೆಯರೇ ಕಲಿಸುತ್ತಾರೆ. ಹೋವರ್ಡ್‌ನ ಕಥೆಗಳಲ್ಲಿ ಇಂಥ ಬಾಲ್ಯವೇ ಇಲ್ಲ. ಅಲ್ಲಿ ಅವನ ಶಕ್ತಿ ಅವನ ನೆಲ ಕೊಟ್ಟದ್ದು. ಆರ್ನಾಲ್ಡ್ ಶ್ವಾರ್ಜನೆಗರ್‌ನ ಕೋನನ್ ಬಹುಪಾಲು ಮೌನಿ. ಅವನ ಅತಿ ಪ್ರಸಿದ್ಧ ಸಂಭಾಷಣೆಯೂ ಚೆಂಗೀಸ್ ಖಾನನದೆಂದು ಹೇಳಲಾಗುವ ಮಾತಿನಿಂದ ತಂದದ್ದು. ಸಿನಿಮಾಕ್ಕೆ ತನ್ನದೇ ಗಾಂಭೀರ್ಯವಿದೆ. ಆದರೆ ಆಸ್ಥಾನದಲ್ಲಿ ವಾದಿಸುವ, ಹಡಗಿನಲ್ಲಿ ಕೂತು ಪ್ರೇಯಸಿ ಬೆಲಿಟ್‌ಳೊಂದಿಗೆ ದೇವರು ಸಾವುಗಳ ಬಗ್ಗೆ ಚರ್ಚಿಸುವ ಕೋನನ್ ಅಲ್ಲಿ ಇಲ್ಲ.

ಆಟಗಾರರು ಪಾತ್ರ ವಹಿಸಿ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2000ರ ಮೂರನೆಯ ಆವೃತ್ತಿಯಲ್ಲಿ ಬಾರ್ಬೇರಿಯನ್ ಪಾತ್ರ ಹುಟ್ಟಾ ನಿರಕ್ಷರಿ. ಎಲ್ಲ ಪಾತ್ರವರ್ಗಗಳ ಪೈಕಿ ಅವನೊಬ್ಬನೇ ಓದುಬರಹಕ್ಕಾಗಿ ಕೌಶಲದ 2 ಅಂಕ ತೆರಬೇಕು. 1935ರ 'ಜ್ಯುವೆಲ್ಸ್ ಆಫ್ ಗ್ವಾಲೂರ್'ನ ಕೋನನ್ ಅಲೆದಾಟದಲ್ಲಿ ಹಲವು ಭಾಷೆ ಆಡಲು, ಓದಲು ಕಲಿತವನು. ಅವನ ಹೆಸರಿನ ನೆರಳಲ್ಲಿ ಬೆಳೆದ ಪಾತ್ರಕ್ಕೆ ಅಕ್ಷರವೇ ಇಲ್ಲದಂತಾಯಿತು.

ಹೋವರ್ಡ್‌ನನ್ನೂ ಪ್ರಶ್ನಿಸದೆ ಬಿಡಲಾಗದು. ಕಪ್ಪು ಜನರನ್ನು, ಪೂರ್ವದ ಜನರನ್ನು ಅವನ ಕಥೆಗಳು ಅನೇಕ ಕಡೆ ಆ ಕಾಲದ ಕೀಳು ಕಣ್ಣಿನಿಂದಲೇ ಕಾಣುತ್ತವೆ. ಒಬ್ಬ ಬರ್ಬರನಿಗೆ ಮಾತು ಕೊಟ್ಟವನು ಉಳಿದವರನ್ನು ಹಳೆಯ 'ಬರ್ ಬರ್' ಸದ್ದಿನಲ್ಲೇ ಬಿಟ್ಟ. ಆ ಪದದ ಹಿಡಿತ ಎಷ್ಟು ಬಿಗಿ ಎಂಬುದಕ್ಕೆ ಅವನೇ ಸಾಕ್ಷಿ.

ಆದ್ದರಿಂದಲೇ ಕೋನನ್‌ಗೆ ಆದ ಅನ್ಯಾಯ ಅಭಿಮಾನಿಗಳ ತಕರಾರಷ್ಟೇ ಅಲ್ಲ ಎಂದು ನನಗನಿಸುತ್ತದೆ. ಯಾರನ್ನಾದರೂ ಬರ್ಬರ ಎಂದು ಕರೆಯುವ ಹೊತ್ತಿಗೆ ನಾವು ಅವರ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿರುತ್ತದೆ. ಬಲವಿದೆ, ಸಿಟ್ಟಿದೆ, ಮಾತಿಲ್ಲ ಎಂಬ ಚಿತ್ರ ಆಗಲೇ ತಯಾರಾಗಿರುತ್ತದೆ. ಹೋವರ್ಡ್ ಬರೆದಂತೆಯೇ ಪಾಠಗಳನ್ನು ಸರಿಪಡಿಸಿದ ಸಂಪುಟಗಳು 2003ರಿಂದ ಎಲ್ಲ ಓದುಗರಿಗೂ ಸುಲಭವಾಗಿ ಸಿಗುತ್ತಿವೆ. ಕೋನನ್‌ನನ್ನು ಮತ್ತೆ ತೆರೆಗೆ ತರುವವರು ಅವನ ತೋಳಿನ ಸುತ್ತಳತೆ ನೋಡುವ ಮೊದಲು ಅವನ ಸಂಭಾಷಣೆ ಬರೆಯಲಿ. ಅವನಿಗೆ ಹೇಳಲು ಬೇಕಾದಷ್ಟಿದೆ, ಅದರಲ್ಲಿ ಹೆಚ್ಚಿನದು ನಾಗರಿಕರ ಬಗ್ಗೆಯೇ.