ಪೌರತ್ವದ ಅರ್ಜಿ ಮತ್ತು ಮನೆ ಬದಲಾವಣೆ: ಅಮೆರಿಕದ ಮೂರು ತಿಂಗಳ ನಿಯಮ

ಪಂಜಾಬಿನ ಭಗತ್ ಸಿಂಗ್ ಥಿಂಡ್‌ಗೆ ಅಮೆರಿಕ ಮೂರು ಸಲ ಪೌರತ್ವ ಕೊಟ್ಟಿತು, ಎರಡು ಸಲ ಕಿತ್ತುಕೊಂಡಿತು. 1918ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ, ಸೈನ್ಯದ ಸಮವಸ್ತ್ರದಲ್ಲೇ ಅವರು ಪಡೆದ ಪ್ರಮಾಣಪತ್ರ ನಾಲ್ಕೇ ದಿನದಲ್ಲಿ ರದ್ದಾಯಿತು. ಪಕ್ಕದ ಆರೆಗಾನ್‌ನಲ್ಲಿ ಮತ್ತೆ ಅರ್ಜಿ ಹಾಕಿ 1920ರಲ್ಲಿ ಗೆದ್ದರು. 1923ರಲ್ಲಿ ಸುಪ್ರೀಂ ಕೋರ್ಟು, ಪೌರತ್ವ ಕಾನೂನಿನ ಅರ್ಥದಲ್ಲಿ ಅವರು ಬಿಳಿಯರಲ್ಲ ಎಂದು ತೀರ್ಪಿತ್ತಿತು, ಆ ಪೌರತ್ವವೂ ಹೋಯಿತು. ಕೊನೆಗೆ 1936ರಲ್ಲಿ ನ್ಯೂಯಾರ್ಕಿನಲ್ಲಿ, ಮೊದಲ ಮಹಾಯುದ್ಧದ ಸೈನಿಕರಿಗೆಂದು ಬಂದ ಹೊಸ ಕಾಯ್ದೆಯಡಿ ಅವರಿಗೆ ದಕ್ಕಿದ ಪೌರತ್ವ ಉಳಿದುಕೊಂಡಿತು.

ಆಗ ಪೌರತ್ವ ಕೊಡುತ್ತಿದ್ದದ್ದು ನ್ಯಾಯಾಲಯಗಳು. ಅರ್ಜಿದಾರ ಎಲ್ಲಿ ವಾಸಿಸುತ್ತಿದ್ದ ಎಂಬುದರ ಮೇಲೆ ಅವನ ಮುಂದೆ ಕೂರುವ ನ್ಯಾಯಾಧೀಶ ಯಾರೆಂಬುದು ನಿಂತಿತ್ತು. ರಾಜ್ಯವಾಸದ ಷರತ್ತು ಇನ್ನೂ ಹಳೆಯದು. 1790ರ ಮೊದಲ ಕಾಯ್ದೆಯಲ್ಲೇ ದೇಶದಲ್ಲಿ ಎರಡು ವರ್ಷ, ಅರ್ಜಿ ಹಾಕುವ ರಾಜ್ಯದಲ್ಲಿ ಒಂದು ವರ್ಷ ಇರಬೇಕಿತ್ತು. 1802ರ ಕಾಯ್ದೆಯಲ್ಲಿ ದೇಶವಾಸ ಐದು ವರ್ಷಕ್ಕೆ ನಿಂತರೂ ರಾಜ್ಯದ ಒಂದು ವರ್ಷ ಹಾಗೇ ಉಳಿಯಿತು. 1940ರಲ್ಲಿ ಅದು ಆರು ತಿಂಗಳಾಯಿತು. 1990ರ ವಲಸೆ ಕಾಯ್ದೆ ಅದನ್ನು ಮೂರು ತಿಂಗಳಿಗೆ ಇಳಿಸಿತು. ಪೌರತ್ವ ಕೊಡುವ ಅಧಿಕಾರವನ್ನೂ ನ್ಯಾಯಾಲಯದಿಂದ ಆಡಳಿತಕ್ಕೆ ಒಯ್ದಿತು. ನ್ಯಾಯಾಧೀಶರು ಬದಿಗೆ ಸರಿದ ಮೇಲೂ ಉಳಿದುಕೊಂಡ ಈ ಮೂರು ತಿಂಗಳು ಹಳೆಯ ವ್ಯವಸ್ಥೆಯ ಪಳೆಯುಳಿಕೆ ಎಂದರೆ ತಪ್ಪಾಗದು.

ಪಳೆಯುಳಿಕೆಯಾದರೂ ಅದು ಕಾಲಿಗೆ ತೊಡರುತ್ತದೆ. ಬೆಂಗಳೂರಿನಿಂದ ಎಚ್-1ಬಿ ವೀಸಾದಲ್ಲಿ ಹೋದವರ ಗ್ರೀನ್ ಕಾರ್ಡ್ ಅರ್ಜಿ ಸಾಮಾನ್ಯವಾಗಿ ಕಂಪನಿಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಭಾರತದಲ್ಲಿ ಹುಟ್ಟಿದವರ ಸರದಿಯಂತೂ ಬಲು ಉದ್ದ. ಕಾರ್ಡ್ ಕೈಗೆ ಬಂದ ಮೇಲೆ ಕೆಲಸವನ್ನೂ ಊರನ್ನೂ ಬದಲಿಸುವ ಮನಸ್ಸಾಗುವುದು ಸಹಜ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಟೆಕ್ಸಾಸ್‌ನ ಆಸ್ಟಿನ್‌ಗೆ ಹೊರಟ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ಪೌರತ್ವಕ್ಕಾಗಿ ಗ್ರೀನ್ ಕಾರ್ಡ್ ಮೇಲೆ ದೇಶದಲ್ಲಿ ಕಳೆಯಬೇಕಾದ ಐದು ವರ್ಷದ ಲೆಕ್ಕಕ್ಕೆ ಈ ಪ್ರಯಾಣದಿಂದ ಕುಂದಿಲ್ಲ. ಆ ಲೆಕ್ಕ ಕೆಡಿಸುವುದು ವಿದೇಶದ ದೀರ್ಘ ವಾಸ: ಒಮ್ಮೆಗೆ ಆರು ತಿಂಗಳು ಮೀರಿದರೆ ಅನುಮಾನ, ಒಂದು ವರ್ಷವಾದರೆ ಸಾಮಾನ್ಯವಾಗಿ ಎಣಿಕೆಯೇ ಮುರಿಯುತ್ತದೆ. ಆದರೆ ಐದು ವರ್ಷ ತುಂಬಿದವರು ಟೆಕ್ಸಾಸ್ ಸೇರಿದ ಮೂರನೇ ವಾರದಲ್ಲೇ ಪೌರತ್ವದ ಎನ್-400 ಅರ್ಜಿ ಹಾಕಿದರೆ, ಉಳಿದೆಲ್ಲ ಅರ್ಹತೆ ಇದ್ದೂ ತಿರಸ್ಕಾರಕ್ಕೆ ದಾರಿಯಾಗುತ್ತದೆ. ಸ್ಯಾನ್ ಹೋಸೆಯಿಂದ ಲಾಸ್ ಏಂಜಲೀಸ್‌ಗೆ ಹೋಗಿದ್ದರೆ ಈ ತಾಪತ್ರಯವಿಲ್ಲ, ರಾಜ್ಯ ಒಂದೇ.

ನಿಯಮದೊಳಗೆ ಒಂದು ಸಣ್ಣ ಸಂದಿಯೂ ಇದೆ. ಐದು ವರ್ಷ ತುಂಬಲು 90 ದಿನ ಇರುವಾಗಲೇ ಅರ್ಜಿ ಹಾಕಬಹುದು. ಹಾಗೆ ಮುಂಚಿತವಾಗಿ ಹಾಕಿದವರು ಮೂರು ತಿಂಗಳ ರಾಜ್ಯವಾಸವನ್ನು ಅರ್ಜಿಯ ದಿನಕ್ಕಲ್ಲ, ಸಂದರ್ಶನದ ದಿನಕ್ಕೆ ಪೂರೈಸಿದರೂ ಸಾಕಾಗಬಹುದು. ಅರ್ಜಿ ಹಾಕಿದ ಮೇಲೆ ಊರು ಬಿಟ್ಟರೆ ಕಡತ ಹೊಸ ಊರಿನ ಕಚೇರಿಗೆ ವರ್ಗವಾಗುತ್ತದೆ, ಅಷ್ಟೇ.

ವಾಸ ಯಾವುದು ಎಂಬ ಪ್ರಶ್ನೆಗೂ ಕಾನೂನು ಉತ್ತರ ಕೊಟ್ಟಿದೆ. ಎರಡು ರಾಜ್ಯಗಳಲ್ಲಿ ಮನೆ ಇರುವವರಿಗೆ, ಫೆಡರಲ್ ಆದಾಯ ತೆರಿಗೆ ವಿವರವನ್ನು ಯಾವ ವಿಳಾಸದಿಂದ ಸಲ್ಲಿಸುತ್ತಾರೋ ಅದೇ ವಾಸಸ್ಥಳ. ಹೊರ ರಾಜ್ಯದಲ್ಲಿ ಓದುವ ವಿದ್ಯಾರ್ಥಿ ಕಾಲೇಜಿನ ಊರಿನಿಂದ ಅರ್ಜಿ ಹಾಕಬಹುದು. ಖರ್ಚಿಗೆ ಅಪ್ಪ ಅಮ್ಮನನ್ನೇ ನೆಚ್ಚಿಕೊಂಡಿದ್ದರೆ ಅವರ ಊರಿನಿಂದಲೂ ಆದೀತು. ಇದೆಲ್ಲದರ ಜೊತೆಗೆ, ಮನೆ ಬದಲಿಸಿದ 10 ದಿನದೊಳಗೆ ಎಆರ್-11 ನಮೂನೆಯಲ್ಲಿ ಹೊಸ ವಿಳಾಸ ತಿಳಿಸಬೇಕು. ಸಾಮಾನು ಕಟ್ಟಿ ಬಿಚ್ಚುವ ಗದ್ದಲದಲ್ಲಿ ಮರೆತುಹೋಗುವುದು ಇದೇ. ಯಾರು ಎಲ್ಲಿದ್ದಾರೆ, ಕಡತ ಯಾವ ಕಚೇರಿಗೆ ಹೋಗಬೇಕು ಎಂದು ಈ ನಮೂನೆಯೇ ಹೇಳುವಾಗ ಮೂರು ತಿಂಗಳ ಕಾಯುವಿಕೆ ಏತಕ್ಕೆ ಎಂಬುದಕ್ಕೆ ಒಪ್ಪುವಂಥ ಸಮರ್ಥನೆ ಕಾಣುವುದಿಲ್ಲ.

ರಾಜ್ಯದ ಗುರುತು ಸಂದರ್ಶನದ ಕೋಣೆಯಲ್ಲೂ ಇಣುಕುತ್ತದೆ. ಪೌರನೀತಿಯ ಪ್ರಶ್ನೆಪಟ್ಟಿಯಲ್ಲಿ ನಿಮ್ಮ ರಾಜ್ಯದ ರಾಜಧಾನಿ ಯಾವುದು, ಗವರ್ನರ್ ಯಾರು, ಸೆನೆಟರ್ ಒಬ್ಬರ ಹೆಸರೇನು ಎಂಬ ಪ್ರಶ್ನೆಗಳಿವೆ. ಸ್ಯಾಕ್ರಮೆಂಟೊ ಎಂದು ಬಾಯಿಪಾಠ ಮಾಡಿದ್ದವರು ಈಗ ಆಸ್ಟಿನ್ ಎನ್ನಬೇಕು. ರಾಜಧಾನಿ ವಾಷಿಂಗ್ಟನ್ ಡಿ.ಸಿ.ಗೇ ಹೋಗಿ ನೆಲೆಸಿದವರಿಗೆ ಸೆನೆಟರ್ ಬಗ್ಗೆ ಕೇಳಿದರೆ ಸರಿಯುತ್ತರ ಒಂದೇ: ನಮಗೆ ಸೆನೆಟರೇ ಇಲ್ಲ.